ಬಟ್ಟಲ ಬಾಯಿ ಮುಚ್ಚಿದ ಕೈ

ಒಂದೂರಲ್ಲಿ ಒಬ್ಬನಿಗೆ ಹೆಂಡ ಕಂಡರೆ ಯಜಮಾನನ ಮಾತು ಕೇಳದ ಕೈಯೊಂದಿತ್ತಂತೆ. ಊರು ಕೊರಿಯಾದ ಆಂದೋಂಗ್, ಅವನು ಮಾನ್ಸೊಕ್. ಹಿರಿಯರಿಗೆ ಎಡೆಯಿಡುವ ಸುಗ್ಗಿಯ ಹಬ್ಬ ಛುಸೊಕ್‌ನ ಬೆಳಿಗ್ಗೆ, ಹಿರಿಯರ ಎಡೆಯ ಮುಂದೆ ಚಿಕ್ಕಪ್ಪ ಅಕ್ಕಿ ಹೆಂಡದ ಹೂಜಿ ಬಗ್ಗಿಸುತ್ತಿದ್ದಂತೆ, ಅದೇ ಕೈ ಬಟ್ಟಲ ಬಾಯಿಯನ್ನು ಗಪ್ಪನೆ ಮುಚ್ಚಿತು.

"ಲೋ, ಹಿರಿಯರ ಎದುರಿಗೇ ಇದೇನೋ?" ಚಿಕ್ಕಪ್ಪ ಗದರಿದ. "ಹಿರೀಮಗ ನೀನು, ಎಡೆಗಿಟ್ಟಿದ್ದನ್ನ ಕೊನೆಗೆ ನೀನೇ ಕುಡೀಬೇಕು. ಒಂದೇ ಬಟ್ಟಲು ಕಣೋ, ಮನಸ್ಸು ಗಟ್ಟಿ ಮಾಡ್ಕೋ!"

"ಹೋದ ಎರಡು ಹಬ್ಬಕ್ಕೂ ಮಾಡ್ಕೊಂಡಿದ್ದೆ ಚಿಕ್ಕಪ್ಪ. ಆ ಒಂದೇ ಬಟ್ಟಲು ನನ್ನನ್ನ ಚಳಿಗಾಲ ಪೂರ್ತಿ ಚರಂಡೀಲಿ ಮಲಗಿಸ್ತು." ಹಬ್ಬದ ದಿನ ಗುಡ್ಡ ಹತ್ತಿ ನಿನ್ನ ಗೋರಿಗೆ ನಮಸ್ಕರಿಸುತ್ತೇನೆಂದು ಸಾಯುವ ಅಪ್ಪನಿಗೆ ಮಾತು ಕೊಟ್ಟಿದ್ದವನು, ಕುಡಿದ ಅಮಲಿನಲ್ಲಿ ಒಮ್ಮೆಯೂ ಗುಡ್ಡದ ಬುಡ ದಾಟಿರಲಿಲ್ಲ. ಈಗ ಬಟ್ಟಲಿಂದ ಕೈ ತೆಗೆಯಲಿಲ್ಲ. "ಬಿಟ್ಟು ಆರು ತಿಂಗಳಾಯ್ತು. ನನ್ನೊಬ್ಬನಿಂದ ಆಗಲ್ಲ. ನೀವೂ ಕೈ ಹಿಡೀರಿ."

ಇಡೀ ವಂಶದಲ್ಲಿ ಇಷ್ಟು ದೊಡ್ಡ ಮಾತನ್ನು ಯಾವ ಗಂಡಸೂ ಆಡಿರಲಿಲ್ಲ. ಅಮ್ಮ ಎದ್ದುಹೋಗಿ ಹಬ್ಬಕ್ಕೆ ಮಾಡಿದ್ದ ಅಕ್ಕಿಯ ಸಿಹಿಪಾನಕ ತಂದಳು. "ಇದನ್ನ ಸುರೀರಿ ಮೈದುನ. ನಿಮ್ಮಣ್ಣ ಬದುಕಿದ್ದಾಗ ಕುಡಿದಿದ್ದೇ ಸಾಕು, ಇವತ್ತು ಸಿಹಿ ಕುಡೀಲಿ."

ಚಿಕ್ಕಪ್ಪ ಬಟ್ಟಲ ಮೇಲಿದ್ದ ಆ ಕೈಯನ್ನು ನೋಡಿದ. ಆಮೇಲೆ ಹೆಂಡದ ಹೂಜಿಯನ್ನು ಅಂಗಳದಾಚೆ ಇಟ್ಟು ಬಂದು, ಮಂಡಿಯೂರಿ, ಎರಡೂ ಕೈಯಿಂದ ಪಾನಕ ಸುರಿದ. ಎಡೆ ಮುಗಿದ ಮೇಲೆ ಮಾನ್ಸೊಕ್ ಕುಡಿದಿದ್ದೂ ಅದನ್ನೇ, ಮನೆಯವರೆಲ್ಲ ಕುಡಿದಿದ್ದೂ ಅದನ್ನೇ. ಮಧ್ಯಾಹ್ನದ ಹೊತ್ತಿಗೆ ಅವನು ಗುಡ್ಡ ಹತ್ತಿ, ಅಪ್ಪನ ಗೋರಿಯ ಹುಲ್ಲಿಗೆ ಹಣೆ ತಾಗಿಸಿ ಎರಡು ಸಲ ನಮಸ್ಕರಿಸಿ, ಚಿಕ್ಕಪ್ಪ ಚಾಚಿದ ಕೈ ಹಿಡಿದು ಎದ್ದು ನಿಂತ.