ಉಪ್ಪಿನ ಭರಣಿಯ ಪಿನ್ನು

"ಇದನ್ನ ಪುಡಿ ಮಾಡಿಬಿಡಣ್ಣ," ಎನ್ನುತ್ತ ಅವಳು ಉಪ್ಪು ಮೆತ್ತಿದ ಪುಟ್ಟ ಪಿನ್ನನ್ನು ಬಂದೂಕು ರಿಪೇರಿಯವನ ಮೇಜಿನ ಮೇಲಿಟ್ಟಳು. ಸೈನ್ಯದಿಂದ ಮರಳಿದ ವರ್ಷ ಗಂಡನೇ ಅದನ್ನು ತನ್ನ ಬಂದೂಕಿನಿಂದ ಕಳಚಿ ಅವಳ ಕೈಗಿಟ್ಟಿದ್ದ. "ಇದಿಲ್ದೆ ಗುಂಡು ಹಾರಲ್ಲ. ನನ್ನ ಕೈ ಮೇಲೆ ನನಗೇ ನಂಬಿಕೆಯಿಲ್ಲ. ನಾನೇ ಕಾಲಿಗೆ ಬಿದ್ದು ಕೇಳಿದ್ರೂ ಕೊಡಬೇಡ," ಎಂದಿದ್ದ. ಅಂದಿನಿಂದ ಆರು ವರ್ಷ ಅದು ಉಪ್ಪಿನ ಭರಣಿಯ ತಳದಲ್ಲಿತ್ತು.

"ನಿನ್ನೆ ನಮ್ಮನೆಯವರು ಇದನ್ನ ಕೇಳಿದ್ರು. ಕೊಡಲ್ಲ ಅಂದೆ. ಜಗಳಾನೂ ಆಡ್ಲಿಲ್ಲ, ನಕ್ಕು ಸುಮ್ಮನಾದ್ರು," ಎಂದಳು. ಆರು ವರ್ಷಗಳಲ್ಲಿ ಮೊದಲ ಸಲ ಗೆದ್ದವಳಂತೆ ಅವಳ ಮುಖ ಅರಳಿತ್ತು.

ರಿಪೇರಿಯವನು ಪಿನ್ನನ್ನು ಬೆಳಕಿಗೆ ಹಿಡಿದ. ಹಿಡಿದ ಕೈ ಹಾಗೇ ನಿಂತಿತು.

"ಇದು ಮನೇಲೇ ಇತ್ತಾ ಅಕ್ಕಾ? ಕಳೆದುಹೋಯ್ತು ಅಂತ ಬೆಳಿಗ್ಗೆ ಅವರೇ ಬಂದೂಕು ತಂದಿದ್ರು. ಹೊಸದು ಹಾಕಿಕೊಟ್ಟೆನಲ್ಲ."