ತೊಲೆಗೆ ಕಟ್ಟಿದ ಅಂಗಿ

ಬಾಗಿಲ ಚೌಕಟ್ಟು ದಾಟುವಾಗ ವಿಂಕೊ ಮೇಸ್ತ್ರಿ ತಲೆ ಬಗ್ಗಿಸಿದ. ಬಗ್ಗಿಸುವಂಥದ್ದು ಅಲ್ಲೇನೂ ಇರಲಿಲ್ಲ. ತಲೆಗೆ ಬಡಿಯುತ್ತಿದ್ದ ಹಳೇ ತೊಲೆ ಯುದ್ಧದಲ್ಲೇ ಸುಟ್ಟು ಬೂದಿಯಾಗಿತ್ತು. ಒಲೆಯ ಹತ್ತಿರ ಕೂತಿದ್ದ ಮುದುಕಿ ಜೇಫಾ ಅದನ್ನು ಕಂಡಳು. ಅವನಿಗೆಂದು ಎತ್ತಿದ್ದ ಕಾಫಿ ಪಾತ್ರೆಯನ್ನು ಹಾಗೇ ಕೆಳಗಿಟ್ಟಳು.

ಅವತ್ತಿನಿಂದ ಅವನಿಗೆ ಕಾಫಿ ಇಲ್ಲ. ಮೋಸ್ಟಾರ್ ಪಟ್ಟಣದಲ್ಲಿ ಮನೆ ಕಟ್ಟುವ ಮೇಸ್ತ್ರಿಗೆ ಕಾಫಿ ಕೊಡದಿರುವುದೆಂದರೆ ಮುಖಕ್ಕೆ ಉಗಿದ ಹಾಗೆ.

ಊರು ಕಟ್ಟುವ ಸಮಿತಿಯ ಷರತ್ತೇ ವಿಚಿತ್ರ. ನದಿಯ ಈ ದಡದ ಮುಸ್ಲಿಮರ ಮನೆಗೆ ಆಚೆ ದಡದ ಕ್ರೊವಾಟ್ ಮೇಸ್ತ್ರಿ, ಅವರ ಮನೆಗೆ ಇವರ ಬಡಗಿ. ಮೊನ್ನೆಯವರೆಗೆ ಗುಂಡು ಹಾರಿಸಿಕೊಂಡವರು ಈಗ ಒಟ್ಟಿಗೆ ಗಾರೆ ಕಲಸಬೇಕಂತೆ. ಮೇಸ್ತ್ರಿಯನ್ನು ಓಡಿಸಿದರೆ ಆ ಮನೆಯ ಕೆಲಸ ಅಲ್ಲಿಗೇ ಬಂದ್. ಜೇಫಾಗೆ ಬೇರೆ ಸೂರಿರಲಿಲ್ಲ.

ಬೀದಿಯ ಹಳಬರು ಯಾರೂ ಉಳಿದಿರಲಿಲ್ಲ. ಪಕ್ಕದ ಮನೆಯ ರುಕಿಯಾ ಕೂಡ ಯುದ್ಧ ಮುಗಿದ ಮೇಲೆ ಬಂದವಳು. ಅವಳ ನಾಲಿಗೆ ಹರಿತ.

"ಅಕ್ಕಾ, ಆ ಮೇಸ್ತ್ರಿ ಕತ್ತಲೇಲಿ ನೆಲಮಾಳಿಗೆಗೆ ಇಳೀವಾಗ ಅಲುಗಾಡೋ ಮೆಟ್ಟಿಲು ಬಿಟ್ಟು ಕಾಲಿಟ್ಟ. ಮುಚ್ಚಿಹೋಗಿದ್ದ ಬಾವಿ ಮೇಲೇ ಸರಿಯಾಗಿ ಗುದ್ದಲಿ ಹಾಕ್ದ. ಯುದ್ಧದಲ್ಲಿ ಈ ಮನೆ ಲೂಟಿಗೆ ಬಂದಿದ್ದವನೇ ಇವನು. ಸಮಿತಿಗೆ ಹೇಳಿ, ಒದ್ದು ಓಡಿಸ್ತಾರೆ."

"ಆಮೇಲೆ ಸೂರು ನೀನು ಹಾಕಿಸ್ತೀಯಾ?"

"ಹಾಗಂತ ಕಳ್ಳನ್ನ ಒಳಗೆ ಇಟ್ಕೊಳ್ಳೋದಾ?"

"ಈ ಮನೇಲಿ ಕಳ್ಳರು ಯಾರು ಅಂತ ನನಗೆ ಗೊತ್ತು ಬಿಡು."

ವಿಂಕೊ ಕೂಡ ಕಡಿಮೆಯವನಲ್ಲ. ಕರಣೆಯಿಂದ ಗೋಡೆಗೆ ಗಾರೆ ಎಸೆಯುತ್ತ, ಜೇಫಾಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಒಮ್ಮೆ ಮಾತ್ರ ಕೆಣಕಿದ.

"ಕಾಫಿ ಇಲ್ವೇನಮ್ಮ ಈ ಮನೇಲಿ?"

"ನಿಮಗೆ ಕೊಡೋಕೆ ನನ್ನ ಕೈ ಬರಲ್ಲ ಮೇಸ್ತ್ರಿ."

"ಬರಲ್ಲ ಅಂತ ನನಗೂ ಗೊತ್ತು."

ಅವಳ ಮೈ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇವನ ಮನಸ್ಸು ಕೆಟ್ಟರೆ ತಾನು ಬೀದಿಪಾಲು.

ಸೂರಿನ ತುದಿಯ ತೊಲೆ ಏರಿದ ದಿನ ಬೀದಿಯವರೆಲ್ಲ ಸೇರಿದರು. ಪದ್ಧತಿಯಂತೆ ಮೇಸ್ತ್ರಿಗೆಂದು ಅಂಗಿ, ಟವೆಲು ತಂದು, ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿದರು. ವಿಂಕೊ ಮೇಲಿಂದ ಒಂದೊಂದನ್ನೂ ಎಳೆದುಕೊಂಡು, ಕೊಟ್ಟವರ ಹೆಸರು ಕೂಗಿದ. ಆಚೆ ದಡದವನ ಬಾಯಲ್ಲಿ ತಮ್ಮ ಹೆಸರು ಕೇಳಿ ಕೆಲವರು ಮುಖ ತಿರುಗಿಸಿದರು. ಕೊನೆಗೆ ಜೇಫಾಳ ಸರದಿ.

"ಚಿಂದಿ ಬಟ್ಟೇನೂ ಕಟ್ಟಲ್ಲ, ನೋಡ್ತಿರಿ," ಎಂದಳು ರುಕಿಯಾ.

ಜೇಫಾ ಕಂಕುಳಲ್ಲಿದ್ದ ಗಂಟು ಬಿಚ್ಚಿದಳು. ಹಳೆಯ ಬಿಳಿ ಅಂಗಿ; ಒಗೆದು ಇಸ್ತ್ರಿ ಮಾಡಿದ್ದು. ಅದನ್ನೇ ಹಗ್ಗಕ್ಕೆ ಕಟ್ಟಿದಳು.

"ಹೊಸದು ಸಿಗಲಿಲ್ವಾ?" ಯಾರೋ ನಕ್ಕರು.

ವಿಂಕೊ ಅಂಗಿಯ ಕಾಲರು ಮಗುಚಿ, ಒಳಗೆ ನೀಲಿ ದಾರದಲ್ಲಿ ಹೊಲಿದಿದ್ದ ಗುರುತು ನೋಡಿದ. ಯಾರ ಹೆಸರನ್ನೂ ಕೂಗಲಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬಂದು, ಯಾರನ್ನೂ ಕೇಳದೆ ಒಲೆಯ ಮೇಲೆ ತಾನೇ ಕಾಫಿ ಕಾಸಿದ.

"ಯಾರ ಮನೆ ಒಲೆ ಅಂದ್ಕೊಂಡಿದಾನೆ ಇವನು?" ರುಕಿಯಾ ಸಿಡುಕಿದಳು.

ವಿಂಕೊ ಮೊದಲ ಬಟ್ಟಲನ್ನು ಜೇಫಾಳ ಮುಂದಿಟ್ಟ. "ಕುಡೀರಿ ಅಮ್ಮ. ನೀವೆಲ್ಲಿಗೂ ಹೋಗಬೇಕಾಗಿಲ್ಲ."

ಆ ಅಂಗಿ ಅವನದೇ: ಯುದ್ಧದ ಶುರುವಿನಲ್ಲಿ ಆಚೆ ದಡದ ತನ್ನ ಮನೆಯಿಂದ ಓಡಿಸಲ್ಪಟ್ಟ ಜೇಫಾ, ಖಾಲಿ ಬಿದ್ದಿದ್ದ ಅವನ ಈ ಮನೆಯ ಬೀಗ ಒಡೆದು ಹೊಕ್ಕ ದಿನ, ಕಪಾಟಿನಲ್ಲಿ ಅದು ತೂಗುತ್ತಿತ್ತು.