ಟೈಮಿಂಗ್ ಬೆಲ್ಟು

ಗುರುಪಾದಪ್ಪನ ಹಳೆಯ ಕಾರು ಮೂರು ಲಕ್ಷ ಕಿಲೋಮೀಟರ್ ದಾಟಿತ್ತು. ಅದರ ಟೈಮಿಂಗ್ ಬೆಲ್ಟನ್ನು ಆತ ಸವೆಯುವ ಮೊದಲೇ ಬದಲಿಸುತ್ತಿದ್ದ.

"ಸಾಹೇಬ್ರ, ಹೋದ ವರ್ಷ ಹಾಕಿದ ಬೆಲ್ಟು. ಇನ್ನೂ ಗಟ್ಟಿ ಐತಿ," ಎಂದ ಮೆಕ್ಯಾನಿಕ್ ದಸ್ತಗೀರ್.

"ಇರ್ಲಿ, ಬದ್ಲಿ ಮಾಡು."

ಬೆಲ್ಟು ಹರಿದರೆ ಎಂಜಿನ್ ನಡುದಾರಿಯಲ್ಲೇ ನಿಂತುಬಿಡುತ್ತದೆ ಎಂದು ದಸ್ತಗೀರ್ ಹಿಂದೊಮ್ಮೆ ಎಚ್ಚರಿಸಿದ್ದ. ಗುರುಪಾದಪ್ಪ ನಾಳೆ, ನಾಡಿದ್ದು ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಒಂದು ಸಂಜೆ ಹೆಂಡತಿ ನೀಲಾಂಬಿಕೆ ತವರಿಗೆಂದು ಒಬ್ಬಳೇ ಕಾರು ಒಯ್ದಳು. ಮರುದಿನ ಕಾರು ಸೇತುವೆಯ ಮೇಲೆ ನಿಂತಿತ್ತು. ಆಕೆ ಹೊಳೆಯಲ್ಲಿ ಸಿಕ್ಕಳು. ಕೆಟ್ಟುನಿಂತ ಕಾರಿನಿಂದ ಇಳಿದಾಗ ಕತ್ತಲಲ್ಲಿ ಕಾಲು ಜಾರಿರಬೇಕೆಂದು ಊರು ಮರುಗಿತು. ಗುರುಪಾದಪ್ಪನೂ ಹಾಗೇ ನಂಬಿದ. ಅಂದಿನಿಂದ ಆತನಿಗೆ ನೆಟ್ಟಗೆ ನಿದ್ದೆಯಿಲ್ಲ.

"ಆಗ ನಿನ್ನ ಮಾತು ಕೇಳಿದ್ರ ಆಕಿ ಉಳೀತಿದ್ಲು, ದಸ್ತಗೀರ್. ಆಕಿನ್ನ ಕೊಂದಾವ ನಾನ." ಗುರುಪಾದಪ್ಪ ಕಾರಿಗೆ ಹಣೆ ಆನಿಸಿ ನಿಂತ.

ದಸ್ತಗೀರನಿಗೆ ನೋಡಲಾಗಲಿಲ್ಲ. ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ಗುರುಪಾದಪ್ಪನ ಕೈ ಹಿಡಿದ.

"ಹಂಗ ಅನ್ಕೋಬ್ಯಾಡ್ರಿ ಸಾಹೇಬ್ರ, ನಿಮ್ದೇನೂ ತಪ್ಪಿಲ್ಲ. ಅವತ್ತು ಸೇತುವೆಯಿಂದ ಕಾರು ತರಾಕ ನಾನ ಹೋಗಿದ್ದೆ. ಬೆಲ್ಟು ಹರಿದಿರಲಿಲ್ಲ. ಚಾವಿ ತಿರುವಿದ ಕೂಡ್ಲೇ ಚಾಲೂ ಆತು."